ಬಚ್ಚಲ ಮೂಲೆಯ ಬಾಟಲಿಗಳು

ಮಲೆನಾಡಿನ ಪರಿಸರದ ಪ್ರಶ್ನೆ ಎಂದೊಡನೆ ಅಣೆಕಟ್ಟು, ಗಣಿ, ಹೆದ್ದಾರಿ, ಅಕೇಸಿಯಾ ನೆಡುತೋಪುಗಳೇ ಕಣ್ಣ ಮುಂದೆ ಬರುತ್ತವೆ. ಸಕ್ಕರೆ ಡಬ್ಬಕ್ಕೆ ಮುತ್ತುವ ಇರುವೆ, ಬಾಗಿಲಿನ ಚೌಕಟ್ಟನ್ನು ಮುಕ್ಕುವ ಗೆದ್ದಲು, ಒಂದೇ ರಾತ್ರಿಯಲ್ಲಿ ಬಸಳೆ ಚಪ್ಪರವನ್ನು ಬೋಳು ಮಾಡುವ ಶಂಖದ ಹುಳು, ಪಾಚಿಗಟ್ಟಿ ಕಾಲು ಜಾರಿಸುವ ಅಂಗಳ ಇವುಗಳನ್ನು ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ. ಇವು ಕೇವಲ ಮನೆವಾರ್ತೆಯ ಕಿರಿಕಿರಿಗಳು ಎಂಬುದು ಎಲ್ಲರ ಎಣಿಕೆ. ಆದರೆ ಮನೆಯೊಳಕ್ಕೆ ವಿಷವು ಮೊದಲು ಕಾಲಿಡುವುದು ಈ ಕಿರಿಕಿರಿಗಳ ದಾರಿಯಲ್ಲಿಯೇ. ಒಂದೊಂದು ಉಪದ್ರವಕ್ಕೂ ಒಂದೊಂದು ಬಾಟಲಿ ಬರುತ್ತದೆ. ಕೆಲವೇ ವರ್ಷಗಳಲ್ಲಿ ಬಚ್ಚಲ ಮೂಲೆಯು ಸಣ್ಣದೊಂದು ರಾಸಾಯನಿಕ ಉಗ್ರಾಣವಾಗುತ್ತದೆ.

ತೋಟಕ್ಕೆ ಹೊಡೆಯುವ ಕೀಟನಾಶಕದ ಬಗೆಗೆ ರೈತನಿಗೆ ಅಲ್ಪಸ್ವಲ್ಪವಾದರೂ ಭಯವಿರುತ್ತದೆ. ಮನೆಯೊಳಗಿನ ವಸ್ತುವಿನ ಬಗೆಗೆ ಆ ಭಯವೂ ಇಲ್ಲ. ಇರುವೆಗಳನ್ನು ತಡೆಯಲು ಗೆರೆ ಎಳೆಯುವ ಸೀಮೆಸುಣ್ಣದಲ್ಲಿರುವುದು ಸುಣ್ಣ ಮಾತ್ರವಲ್ಲ, ಡೆಲ್ಟಾಮೆತ್ರಿನ್‌ನಂತಹ ಪೈರೆತ್ರಾಯ್ಡ್ ವರ್ಗದ ಕೀಟನಾಶಕ. ಜಿರಳೆಗೆ ಸಿಂಪಡಿಸುವ ದ್ರವದಲ್ಲಿಯೂ, ಸೊಳ್ಳೆ ಓಡಿಸಲು ವಿದ್ಯುತ್ತಿಗೆ ಸಿಕ್ಕಿಸುವ ಸಾಧನದಲ್ಲಿಯೂ ಸಾಮಾನ್ಯವಾಗಿ ಅದೇ ವರ್ಗದ ವಸ್ತುಗಳಿರುತ್ತವೆ. ಮನುಷ್ಯನಿಗೆ ಇವು ಹಳೆಯ ಕೀಟನಾಶಕಗಳಷ್ಟು ಅಪಾಯಕಾರಿಯಲ್ಲ, ನಿಜ. ಆದರೆ ಮೀನು, ಏಡಿ, ಸಿಗಡಿ ಮತ್ತು ಜೇನ್ನೊಣಗಳಿಗೆ ಅತ್ಯಲ್ಪ ಪ್ರಮಾಣವೂ ಮಾರಕ. ಶೌಚಾಲಯ ತೊಳೆಯುವ ದ್ರವದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಬಟ್ಟೆ ಬಿಳುಪು ಮಾಡುವ ದ್ರವದಲ್ಲಿ ಹೈಪೋಕ್ಲೋರೈಟ್ ಇರುತ್ತದೆ. ಹೆಚ್ಚು ಸ್ವಚ್ಛವಾಗಲಿ ಎಂದು ಇವೆರಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು.

ಬಯಲುಸೀಮೆಯ ಪಟ್ಟಣದಲ್ಲಿ ಚರಂಡಿ ಸೇರಿದ ನೀರು ಕಣ್ಣಿಗೆ ಮರೆಯಾಗುತ್ತದೆ. ಮಲೆನಾಡಿನಲ್ಲಿ ಅದು ಎಲ್ಲಿಯೂ ಮರೆಯಾಗುವುದಿಲ್ಲ. ಇಲ್ಲಿ ಮೇಲಿನ ಮನೆಯ ಬಚ್ಚಲ ನೀರು ಬಾಳೆಯ ಬುಡ ದಾಟಿ, ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು, ಕೆಳಗಿನ ಮನೆಯ ಬಾವಿಯನ್ನೋ ಹಳ್ಳವನ್ನೋ ಸೇರಬಹುದು. ತೆರೆದ ಬಾವಿಯ ನೀರನ್ನು ಸೋಸದೆ ಕುಡಿಯುವ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಮೇಲಿಂದ ಮೇಲೆ ಸುರಿಯುವ ಫಿನೈಲು ಮತ್ತು ಬ್ಲೀಚಿಂಗ್ ದ್ರಾವಣಗಳು ಶೌಚಗುಂಡಿಯಲ್ಲಿ ಮಲವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತವೆ. ಆಗ ಗುಂಡಿ ಬೇಗ ತುಂಬುತ್ತದೆ, ವಾಸನೆ ಹೆಚ್ಚುತ್ತದೆ, ವಾಸನೆಗೆಂದು ಮತ್ತೊಂದು ಬಾಟಲಿ ಬರುತ್ತದೆ.

ಪ್ರತಿಯೊಂದು ಉಪದ್ರವಕ್ಕೂ ಒಂದು ಕಾರಣವಿದೆ. ಬಾಟಲಿಯು ಆ ಕಾರಣವನ್ನು ಮುಟ್ಟುವುದಿಲ್ಲ. ಇರುವೆಯ ಸಾಲು ನಡೆಯುವುದು ಮುಂದೆ ಹೋದ ಇರುವೆಯು ನೆಲದ ಮೇಲೆ ಬಿಟ್ಟ ವಾಸನೆಯ ಜಾಡಿನಲ್ಲಿ. ಸಾಬೂನು ನೀರಿನ ಬಟ್ಟೆಯಿಂದ ಆ ಜಾಡನ್ನು ಒರೆಸಿ, ಡಬ್ಬದ ಮುಚ್ಚಳವನ್ನು ಬಿಗಿಗೊಳಿಸಿದರೆ ಸಾಲು ತುಂಡಾಗುತ್ತದೆ. ಹಿಂದಿನವರು ಕಪಾಟಿನ ಕಾಲುಗಳನ್ನು ನೀರು ತುಂಬಿದ ಕಲ್ಲಿನ ಬಟ್ಟಲಲ್ಲಿ ಇಡುತ್ತಿದ್ದುದು ಇದೇ ತಿಳಿವಳಿಕೆಯಿಂದ. ಗೆದ್ದಲು ಮಣ್ಣಿನ ತೇವವನ್ನು ಬಿಟ್ಟು ಬದುಕಲಾರದು. ಆದ್ದರಿಂದಲೇ ಅದು ಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಮರವನ್ನು ತಲುಪುತ್ತದೆ. ಮರವು ನೇರವಾಗಿ ನೆಲಕ್ಕೆ ತಾಗದಂತೆ ಕಲ್ಲಿನ ಆಸರೆ ಕೊಡುವುದು, ವಾರಕ್ಕೊಮ್ಮೆ ಸುರಂಗಗಳನ್ನು ಕೆರೆದು ಹಾಕುವುದು, ಕರಾವಳಿಯವರಂತೆ ಮರಕ್ಕೆ ಗೇರುಸಿಪ್ಪೆಯ ಎಣ್ಣೆ ಬಳಿಯುವುದು, ಇವೆಲ್ಲವೂ ಆ ದಾರಿಯನ್ನು ಕಡಿಯುವ ಉಪಾಯಗಳೇ.

ಆಫ್ರಿಕಾದ ದೈತ್ಯ ಶಂಖದ ಹುಳು 1847ರಲ್ಲಿ ಕೋಲ್ಕತ್ತೆಯ ಮೂಲಕ ಭಾರತವನ್ನು ಹೊಕ್ಕ ಜೀವಿ. ಅದರ ಮೊಟ್ಟೆಗಳ ಸಂಖ್ಯೆ ನೂರರ ಲೆಕ್ಕದಲ್ಲಿರುವುದರಿಂದ ಒಬ್ಬರ ಹಿತ್ತಿಲಿನ ಪ್ರಯತ್ನ ಸಾಲದು. ಸಂಜೆ ಒದ್ದೆ ಗೋಣಿಚೀಲದ ಅಡಿಯಲ್ಲಿ ಪಪ್ಪಾಯಿ ಎಲೆಯನ್ನೋ ಎಲೆಕೋಸಿನ ಸಿಪ್ಪೆಯನ್ನೋ ಇಟ್ಟು, ಬೆಳಗ್ಗೆ ಅಲ್ಲಿ ಸೇರಿದ ಹುಳುಗಳನ್ನು ಆರಿಸಿ ಉಪ್ಪುನೀರಿನಲ್ಲಿ ಮುಳುಗಿಸುವ ಕೆಲಸವನ್ನು ಅಕ್ಕಪಕ್ಕದ ಮನೆಗಳು ಒಟ್ಟಾಗಿ ಮಾಡಬೇಕು. ಬರಿಗೈಯಿಂದ ಮುಟ್ಟಬಾರದು, ಏಕೆಂದರೆ ಅದು ಮನುಷ್ಯನಿಗೆ ರೋಗ ತರುವ ಜಂತುಗಳನ್ನು ಹೊತ್ತಿರಬಲ್ಲದು. ಇದಕ್ಕೆಂದು ಮಾರುವ ಮೆಟಾಲ್ಡಿಹೈಡ್ ಗುಳಿಗೆಗಳು ಅದನ್ನು ತಿಂದ ನಾಯಿಯನ್ನೂ ಕೊಲ್ಲುತ್ತವೆ. ಸೊಳ್ಳೆಯ ವಿಷಯದಲ್ಲಿಯೂ ಸಂಘಟಿತ ಶ್ರಮವೇ ಮುಖ್ಯ. ಕರ್ನಾಟಕ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಡೆಂಗೆ ಹರಡುವ ಸೊಳ್ಳೆಯು ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು 7ರಿಂದ 10 ದಿನ ಸಾಕು. ಬಿದ್ದ ಅಡಿಕೆ ಹಾಳೆ, ರಬ್ಬರ್ ತೋಟದ ಬಟ್ಟಲು, ತೆಂಗಿನ ಚಿಪ್ಪು, ಕಪಾಟಿನ ಕಾಲಿನ ಬಟ್ಟಲು ಇವುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲುವುದು ಎಲ್ಲ ಸುರುಳಿಬತ್ತಿಗಳಿಗಿಂತ ದೊಡ್ಡ ರಕ್ಷಣೆ.

ಅಂಗಳದ ಕಳೆಗೆಂದು ಗ್ಲೈಫೊಸೇಟ್ ತರುವ ಅಭ್ಯಾಸವೂ ಮನೆಗಳನ್ನು ಹೊಕ್ಕಿದೆ. ಅದನ್ನು ಕೀಟ ನಿಯಂತ್ರಣ ನಿರ್ವಾಹಕರು ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಒಂದೆಲಗ, ಚಗಟೆ, ಹೊನಗೊನ್ನೆ, ನೆಲನೆಲ್ಲಿಗಳು ಬೆಳೆಯುವ ಅಂಗಳಕ್ಕೆ ವಿಷ ಹೊಡೆಯುವುದೆಂದರೆ ತಂಬುಳಿಯ ಪಾತ್ರೆಗೇ ಹೊಡೆದಂತೆ.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ಮಾತು ಅರ್ಧ ಸತ್ಯವಾಗುತ್ತದೆ. ಮೊದಲನೆಯದು, ಸಹಜವಾದುದೆಲ್ಲವೂ ನಿರಪಾಯಕಾರಿ ಎಂಬ ನಂಬಿಕೆ ತಪ್ಪು. ಹೊಗೆಸೊಪ್ಪಿನ ಕಷಾಯದ ನಿಕೋಟಿನ್ ಚರ್ಮದ ಮೂಲಕವೇ ದೇಹವನ್ನು ಸೇರುವ ತೀಕ್ಷ್ಣ ವಿಷ. ಅಂಟುವಾಳದ ನೊರೆ ಪಾತ್ರೆಗೆ ಒಳ್ಳೆಯದಾದರೂ ಹಳ್ಳದ ಮೀನಿಗೆ ಒಳ್ಳೆಯದಲ್ಲ. ಕಳೆಗೆ ಸುರಿದ ಉಪ್ಪು ಮಣ್ಣನ್ನೇ ಕೆಡಿಸುತ್ತದೆ. ಹಾಗೆಯೇ ಎಲ್ಲ ರಾಸಾಯನಿಕವೂ ತ್ಯಾಜ್ಯವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯ ಪ್ರದೇಶದಲ್ಲಿ ಕಾಡಿಗೆ ಹೋಗುವವರು ಉಣ್ಣೆಯನ್ನು ದೂರವಿಡುವ ತೈಲವನ್ನು ಹಚ್ಚಿಕೊಳ್ಳಲೇಬೇಕು. ಅಪಾಯ ಎಷ್ಟು, ಅಗತ್ಯ ಎಷ್ಟು ಎಂದು ತೂಗುವುದೇ ವಿವೇಕ.

ಎರಡನೆಯದು ಇನ್ನೂ ಮುಖ್ಯ. ಬಾಟಲಿಯನ್ನು ತಂದವರನ್ನು ಹಳಿಯುವುದು ಸುಲಭ. ಆದರೆ ಹಿಂದಿನ ಮನೆಯ ಸ್ವಚ್ಛತೆಯ ಹಿಂದೆ ಬೂದಿ, ಸೆಗಣಿ, ಸೀಗೆಕಾಯಿಗಳಷ್ಟೇ ಇರಲಿಲ್ಲ, ಹೆಂಗಸರ ಬೆನ್ನು ಮುರಿಯುವ ದುಡಿಮೆಯೂ ಇತ್ತು. ಆ ದುಡಿಮೆಯ ಕೈಗಳು ಇಂದು ಮನೆಯಲ್ಲಿ ಕಡಿಮೆಯಾಗಿವೆ. ಮಕ್ಕಳು ನಗರ ಸೇರಿದ್ದಾರೆ, ಉಳಿದವರು ವಯಸ್ಸಾದವರು. ಪರಿಸರದ ಹೆಸರಿನಲ್ಲಿ ಆ ಭಾರವನ್ನೆಲ್ಲ ಮತ್ತೆ ಮನೆಯೊಡತಿಯ ಹೆಗಲಿಗೆ ಹೊರಿಸುವ ಉಪದೇಶವು ನ್ಯಾಯವಲ್ಲ. ಸಭೆಯಲ್ಲಿ ನದಿ ಉಳಿಸುವ ಮಾತಾಡುವ ಗಂಡಸು ಮನೆಯಲ್ಲಿ ಪಾಚಿ ಉಜ್ಜುವ ಪೊರಕೆಯನ್ನೂ ಹಿಡಿಯಬೇಕು. ಇಲ್ಲವಾದರೆ ಬಾಟಲಿ ಬಂದೇ ಬರುತ್ತದೆ, ಅದಕ್ಕೆ ಅವಳನ್ನು ದೂರುವಂತಿಲ್ಲ.

ಎಲ್ಲಕ್ಕಿಂತ ಮೊದಲು ನಿಲ್ಲಬೇಕಾದುದು ವಿಷವನ್ನು ತಂಪುಪಾನೀಯದ ಬಾಟಲಿಗೆ ಬಗ್ಗಿಸಿಡುವ ರೂಢಿ. ಬಾಯಾರಿ ಬಂದ ಮಗುವಿಗೆ ಒಳಗಿರುವುದು ಏನೆಂದು ತಿಳಿಯದು. ಮೂಲ ಡಬ್ಬದ ಮೇಲಿನ ತ್ರಿಕೋನದ ಬಣ್ಣವು ಅದರ ವಿಷದ ಮಟ್ಟವನ್ನು ಹೇಳುತ್ತದೆ: ಕೆಂಪು ಅತ್ಯಂತ ತೀವ್ರ, ನಂತರ ಹಳದಿ, ನೀಲಿ, ಹಸಿರು. ಹಸಿರು ಎಂದರೆ ವಿಷವಿಲ್ಲ ಎಂದಲ್ಲ, ಕಡಿಮೆ ಎಂದಷ್ಟೇ. ಯಾರಾದರೂ ಇಂಥದನ್ನು ನುಂಗಿದರೆ ಬಲವಂತವಾಗಿ ವಾಂತಿ ಮಾಡಿಸದೆ, ಆ ಡಬ್ಬದ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬಾಟಲಿ ಬದಲಾಗಿದ್ದರೆ ವೈದ್ಯರಿಗೂ ದಾರಿ ತೋರದು.

ಅಟ್ಟದ ಮೇಲೆ ಉಳಿದಿರುವ ಹಳೆಯ ಡಬ್ಬಗಳದ್ದು ಇನ್ನೊಂದು ಸಂಗತಿ. ಎಂಡೋಸಲ್ಫಾನ್ ಬಳಕೆಯನ್ನು ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ತಡೆಯಿತು. ಅದಕ್ಕೆ ಮುನ್ನ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಟಗಳ ಸುತ್ತಲಿನ ಜನರು ತೆತ್ತ ಬೆಲೆ ಎಲ್ಲರಿಗೂ ತಿಳಿದಿದೆ. ಬಾಳೆಯ ಬುಡಕ್ಕೆ ಹಾಕುತ್ತಿದ್ದ ಫೋರೇಟ್, ಮನೆಯೊಳಗೂ ಸಿಂಪಡಿಸುತ್ತಿದ್ದ ಡೈಕ್ಲೋರ್ವಾಸ್ ಇವೆರಡೂ 2020ರ ಡಿಸೆಂಬರ್ 31ರಿಂದ ನಿಷಿದ್ಧ. ನಿನ್ನೆ ಭರವಸೆಯೊಡನೆ ಮಾರಿದ ವಸ್ತು ಇಂದು ನಿಷಿದ್ಧವಾಗಿದೆ, ಆದರೆ ಡಬ್ಬ ಇನ್ನೂ ಅಟ್ಟದಲ್ಲಿಯೇ ಇದೆ. ಅದನ್ನು ಹಳ್ಳಕ್ಕೆ ಸುರಿಯುವಂತಿಲ್ಲ, ತೋಟದಲ್ಲಿ ಹೂಳುವಂತಿಲ್ಲ, ಒಲೆಯಲ್ಲಿ ಸುಡುವಂತಿಲ್ಲ. ಕೀಟನಾಶಕದ ಡಬ್ಬ, ಬ್ಯಾಟರಿ, ಬಣ್ಣದ ಡಬ್ಬ ಮೊದಲಾದವನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಗೃಹ ಮೂಲದ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿ, ಬೇರೆಯಾಗಿ ಸಂಗ್ರಹಿಸಬೇಕೆಂದು ವಿಧಿಸಿದವು. ಆ ವಿಚಾರವು ಪಟ್ಟಣದಲ್ಲಿಯೇ ನಿಲ್ಲದೆ ಮಲೆನಾಡಿನ ಕೊನೆಯ ಮನೆಯವರೆಗೂ ಬರಬೇಕು. ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ, ಇಂಥ ಡಬ್ಬಗಳನ್ನು ಸಂಗ್ರಹಿಸಿ ಸುರಕ್ಷಿತ ವಿಲೇವಾರಿಗೆ ಕಳಿಸುವ ವ್ಯವಸ್ಥೆ ಮಾಡಲೆಂದು ಗ್ರಾಮಸಭೆಗಳಲ್ಲಿ ಒತ್ತಾಯಿಸುವ ಕಾಲ ಬಂದಿದೆ.

ಅದಕ್ಕೆ ಮೊದಲ ಹೆಜ್ಜೆಯನ್ನು ಶಾಲೆಯ ಮಕ್ಕಳೇ ಇಡಬಹುದು. ಒಂದು ಭಾನುವಾರ, ಹಿರಿಯರನ್ನು ಜೊತೆಗಿಟ್ಟುಕೊಂಡು, ಮನೆಯ ಬಾಟಲಿಗಳ ಚೀಟಿಗಳನ್ನು ಮುಚ್ಚಳ ತೆರೆಯದೆ ಓದಿ, ಯಾವುದು ಯಾವ ಉಪದ್ರವಕ್ಕಾಗಿ ಬಂದಿತು, ಆ ಉಪದ್ರವಕ್ಕೆ ಕಾರಣವೇನು, ಬಾಟಲಿಯ ನೀರು ಕೊನೆಗೆ ಎಲ್ಲಿಗೆ ಹರಿಯುತ್ತದೆ ಎಂದು ಮೂರು ಅಂಕಣಗಳಲ್ಲಿ ಬರೆದರೆ ಸಾಕು. ಮೂರನೆಯ ಅಂಕಣವನ್ನು ತುಂಬಲು ಅವರು ಹಳ್ಳದ ಜಾಡು ಹಿಡಿದು ಕೆಳಗಿನ ಮನೆಯವರೆಗೆ ನಡೆಯಬೇಕಾಗುತ್ತದೆ. ಆ ನಡಿಗೆಯೇ ಪಾಠ.