ಮಾದಳ, ಬೇಲ ಮತ್ತು ಕಳೆಯುವ ಲೆಕ್ಕ

ಒಂಬತ್ತು ಮಾದಳಹಣ್ಣಿಗೂ ಏಳು ಬೇಲದಹಣ್ಣಿಗೂ ಸೇರಿ ಬೆಲೆ 107. ಏಳು ಮಾದಳ, ಒಂಬತ್ತು ಬೇಲಕ್ಕಾದರೆ 101. ಒಂದೊಂದರ ಬೆಲೆ ಎಷ್ಟು? ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಕೇಳಿದ ಪ್ರಶ್ನೆ ಇದು. ಅಮೋಘವರ್ಷ ನೃಪತುಂಗ ಎಂದೊಡನೆ ನಮಗೆ ಕವಿರಾಜಮಾರ್ಗ ನೆನಪಾಗುತ್ತದೆ. ಅದೇ ದೊರೆಯನ್ನು ಹೊಗಳಿ ಆರಂಭವಾಗುವ ಈ ಗಣಿತಗ್ರಂಥವನ್ನು ನೆನೆಯುವವರು ಕಡಿಮೆ.

ಉತ್ತರ ತೆಗೆಯಲು ಮಹಾವೀರ ಒಂದು ಸೂತ್ರ ಕೊಡುತ್ತಾನೆ. ದೊಡ್ಡ ಬೆಲೆಯನ್ನು ದೊಡ್ಡ ಎಣಿಕೆಯಿಂದಲೂ ಚಿಕ್ಕ ಬೆಲೆಯನ್ನು ಚಿಕ್ಕ ಎಣಿಕೆಯಿಂದಲೂ ಗುಣಿಸಿ ಕಳೆಯಬೇಕು. ಉಳಿದದ್ದನ್ನು ಎಣಿಕೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸಬೇಕು. 963ರಲ್ಲಿ 707 ಕಳೆದರೆ 256. 81ರಲ್ಲಿ 49 ಕಳೆದರೆ 32. ಭಾಗಿಸಿದರೆ 8, ಅದು ಮಾದಳದ ಬೆಲೆ. ಬೇಲಕ್ಕೆ 5.

ಮಂತ್ರದಂತೆ ಕಾಣುವ ಈ ಸೂತ್ರವನ್ನು ಬಿಡಿಸಿ ನೋಡಿದರೆ ಸಿಗುವುದು ಹತ್ತನೇ ತರಗತಿಯ ವರ್ಜಿಸುವ ವಿಧಾನವೇ. ಮೊದಲ ಹೇಳಿಕೆಯನ್ನು 9ರಿಂದ ಗುಣಿಸಿದರೆ 81 ಮಾದಳ, 63 ಬೇಲ. ಎರಡನೆಯದನ್ನು 7ರಿಂದ ಗುಣಿಸಿದರೆ 49 ಮಾದಳ, ಅದೇ 63 ಬೇಲ. ಒಂದರಿಂದ ಒಂದನ್ನು ಕಳೆದಾಗ ಬೇಲ ಮಾಯ. 32 ಮಾದಳಕ್ಕೆ 256 ಎಂಬಷ್ಟೇ ಉಳಿಯುತ್ತದೆ. ಸೂತ್ರ ಈ ಕೆಲಸವನ್ನೆಲ್ಲ ಒಳಗೇ ಮುಗಿಸಿ, ಫಲವನ್ನು ಮಾತ್ರ ನಮ್ಮ ಕೈಗಿಡುತ್ತದೆ. ತೊಡಕಿರುವುದೂ ಅಲ್ಲೇ. ಎರಡನೇ ಸಾಲಿನ ಒಂಬತ್ತು ಬೇಲವನ್ನು ಎಂಟು ಮಾಡಿ ನೋಡಿ, ಸೂತ್ರ ಕೈಕಟ್ಟಿ ಕೂರುತ್ತದೆ. ಸಮನಾಗಿಸಿ ಕಳೆಯುವ ಕ್ರಮ ಮಾತ್ರ ಆಗಲೂ ನಡೆಯುತ್ತದೆ. ಕಂಠಪಾಠಕ್ಕೆ ಸೂತ್ರ ಅನುಕೂಲ. ಕಲಿಯಲಿಕ್ಕೆ ಕ್ರಮವೇ ಮೇಲು ಎನ್ನುವವನು ನಾನು.

ಕ್ರಮವನ್ನೇ ಮುಂದಿಟ್ಟುಕೊಂಡ ಪುಸ್ತಕವೊಂದು ಚೀನಾದಲ್ಲಿತ್ತು, ಅದೂ ಮಹಾವೀರನಿಗಿಂತ ಶತಮಾನಗಳಷ್ಟು ಹಿಂದೆ. ಹೆಸರು ‘ಜಿಯುಜಾಂಗ್ ಸುವಾನ್‌ಶು’, ಒಂಬತ್ತು ಅಧ್ಯಾಯಗಳ ಗಣಿತ. ಎಂಟನೇ ಅಧ್ಯಾಯದ ಮೊದಲ ಲೆಕ್ಕ ಧಾನ್ಯದ ಸಿವುಡುಗಳದ್ದು. ಉತ್ತಮ ಬೆಳೆಯ 3, ಮಧ್ಯಮದ 2, ಕನಿಷ್ಠದ 1 ಸಿವುಡಿನಿಂದ 39 ಅಳತೆ ಕಾಳು. 2, 3, 1 ಸಿವುಡುಗಳಿಂದ 34. 1, 2, 3ರಿಂದ 26. ಲೆಕ್ಕಿಗ ಮಣೆಯ ಮೇಲೆ ಕಡ್ಡಿಗಳನ್ನು ಕಂಬಸಾಲಾಗಿ ಜೋಡಿಸುತ್ತಿದ್ದ. ಮಧ್ಯದ ಸಾಲನ್ನು 3ರಿಂದ ಗುಣಿಸಿ ಮೊದಲನೆಯದನ್ನು ಎರಡು ಸಲ ಕಳೆದರೆ ಉತ್ತಮ ಬೆಳೆ ಹೋಗಿ 5, 1, 24 ಉಳಿಯುತ್ತದೆ. ಕೊನೆಯ ಸಾಲನ್ನೂ 3ರಿಂದ ಗುಣಿಸಿ ಮೊದಲನೆಯದನ್ನು ಒಮ್ಮೆ ಕಳೆದರೆ 4, 8, 39. ಇವೆರಡರ ನಡುವೆ ಅದೇ ಆಟ ಇನ್ನೊಮ್ಮೆ ಆಡಿದರೆ ಕನಿಷ್ಠ ಬೆಳೆಯ 36 ಸಿವುಡಿಗೆ 99 ಅಳತೆ, ಅಂದರೆ ಸಿವುಡಿಗೆ ಎರಡೂಮುಕ್ಕಾಲು. ಅಲ್ಲಿಂದ ಹಿಂದಕ್ಕೆ ನಡೆದರೆ ಮಧ್ಯಮ ನಾಲ್ಕೂಕಾಲು, ಉತ್ತಮ ಒಂಬತ್ತೂಕಾಲು. ಕೊನೆಯವರೆಗೆ ಭಿನ್ನರಾಶಿಯ ರಗಳೆಯೇ ಬರದಂತೆ ಗುಣಿಸಿಕೊಂಡು ಸಾಗಿದ ಜಾಣ್ಮೆಯನ್ನು ಗಮನಿಸಬೇಕು.

ಹೀಗೆ ಕಳೆಯುತ್ತ ಹೋದಾಗ ಇಲ್ಲದ್ದರಿಂದಲೂ ಕಳೆಯಬೇಕಾದ ಸಂದರ್ಭ ಬರುತ್ತದೆ. ಆದ್ದರಿಂದಲೇ ಋಣಸಂಖ್ಯೆಗಳ ನಿಯಮಗಳು ಇದೇ ಅಧ್ಯಾಯದಲ್ಲಿವೆ. ಧನಕ್ಕೆ ಕೆಂಪು ಕಡ್ಡಿ, ಋಣಕ್ಕೆ ಕಪ್ಪು ಕಡ್ಡಿ ಎಂದು ಈ ಪುಸ್ತಕದ ಮೇಲಿನ ಕ್ರಿ.ಶ. 263ರ ತನ್ನ ವ್ಯಾಖ್ಯಾನದಲ್ಲಿ ಲ್ಯೂ ಹ್ವೇ ಬರೆದ. ನಮ್ಮ ಬ್ಯಾಂಕಿನವರಿಗೆ ಬಣ್ಣ ಅದಲುಬದಲಾಗಿ ಕಂಡೀತು! ನಮ್ಮಲ್ಲೂ ಬಣ್ಣಗಳಿದ್ದವು, ಆದರೆ ಬೇರೆ ಕೆಲಸಕ್ಕೆ: ಬ್ರಹ್ಮಗುಪ್ತ 628ರಲ್ಲಿ ಅಜ್ಞಾತ ರಾಶಿಗಳನ್ನೇ ವರ್ಣಗಳೆಂದು ಕರೆದ, ಕಾಲಕ, ನೀಲಕ, ಪೀತಕಗಳು ಭಾರತೀಯ ಬೀಜಗಣಿತದ ಎಕ್ಸ್, ವೈ, ಝಡ್ ಆದವು.

ಸಮನಾಗಿಸಿ ಕಳೆಯುವ ಈ ವಿಧಾನಕ್ಕೆ ಈಗ ಜಗತ್ತಿನಾದ್ಯಂತ ಗೌಸ್‌ನ ಹೆಸರು. ಜರ್ಮನಿಯ ಆ ಮಹಾಗಣಿತಜ್ಞನಾದರೋ 1809ರಲ್ಲಿ ಅದನ್ನು ‘ಸಾಮಾನ್ಯ ವರ್ಜನೆ’ ಎಂದಷ್ಟೇ ಕರೆದಿದ್ದ. ಪಲ್ಲಾಸ್ ಎಂಬ ಕ್ಷುದ್ರಗ್ರಹದ ಕಕ್ಷೆ ಲೆಕ್ಕ ಹಾಕುವಾಗ ಅವನು ಅದನ್ನು ಅಚ್ಚುಕಟ್ಟು ಮಾಡಿಕೊಂಡ, ನಿಜ. ಆದರೆ ಹೆಸರು ಅಂಟಿಕೊಂಡದ್ದು ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ, ಗಣಕಯಂತ್ರಗಳು ಬಂದ ಮೇಲೆ.

ಗಣಕಯಂತ್ರದ ಕಾಲದಲ್ಲೇ ಸೂತ್ರಕ್ಕೂ ಕ್ರಮಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯಿತು. 1750ರಲ್ಲಿ ಕ್ರೇಮರ್ ಕೊಟ್ಟ ನಿಯಮ ಎಷ್ಟು ಅಜ್ಞಾತಗಳಿದ್ದರೂ ನಿರ್ಧಾರಕಗಳ ಮೂಲಕ ನೇರ ಉತ್ತರ ಹೇಳುವ ಸೂತ್ರ, ನೋಡಲು ಬಲು ಚೆಂದ. ಅಜ್ಞಾತಗಳು 20 ಇದ್ದರೆ? ಒಂದು ನಿರ್ಧಾರಕವನ್ನು ಬಿಡಿಸಿ ಬರೆದಾಗ ಸಿಗುವ ಪದಗಳ ಎಣಿಕೆಗೇ 19 ಅಂಕಿ ಬೇಕು. ವರ್ಜಿಸುತ್ತ ಹೋದರೆ ಸುಮಾರು 3,000 ಗುಣಾಕಾರ, ಭಾಗಾಕಾರಗಳಲ್ಲಿ ಇಡೀ ಲೆಕ್ಕ ಮುಗಿಯುತ್ತದೆ.

ಶಾಲೆಯಲ್ಲಿ ಆಗುವುದೇನು? ‘ಚಿಹ್ನೆ ಬದಲಿಸು, ಕಳೆ’ ಎನ್ನುತ್ತಾರೆ. ಕಳೆಯಲು ನಮಗೇನು ಹಕ್ಕು ಎಂದು ಯಾರೂ ಹೇಳುವುದಿಲ್ಲ. ಸಮವಾದದ್ದರಿಂದ ಸಮವಾದದ್ದನ್ನು ಕಳೆದರೆ ಉಳಿದದ್ದೂ ಸಮ. ಕಳೆದದ್ದನ್ನು ಮತ್ತೆ ಕೂಡಿಸಿ ಹಳೆಯ ಸಾಲಿಗೆ ಮರಳಬಹುದು, ಆದ್ದರಿಂದ ಉತ್ತರಗಳಲ್ಲಿ ಒಂದೂ ತಪ್ಪಿಹೋಗುವುದಿಲ್ಲ, ಹೊಸದೊಂದೂ ನುಸುಳುವುದಿಲ್ಲ. ಪರಿಹಾರವಿಲ್ಲ, ಅನಂತ ಪರಿಹಾರಗಳಿವೆ ಎಂಬ ನಿಬಂಧನೆಗಳನ್ನು ಮಕ್ಕಳು ಅನುಪಾತಗಳ ಪಟ್ಟಿಯಾಗಿ ಉರುಹೊಡೆಯುತ್ತಾರೆ. ಪಟ್ಟಿ ಏಕೆ ಬೇಕು? ಎರಡು ಸಮೀಕರಣಗಳು ಎರಡು ಸಾಕ್ಷಿಗಳಿದ್ದಂತೆ. ಕಳೆದಾಗ 0 = 0 ಬಂದರೆ ಎರಡನೇ ಸಾಕ್ಷಿ ಮೊದಲಿನವನದ್ದನ್ನೇ ಒಪ್ಪಿಸಿದ್ದಾನೆ; 0 = 5 ಬಂದರೆ ಇಬ್ಬರ ಮಾತೂ ಒಟ್ಟಿಗೆ ನಿಜವಾಗಲಾರದು.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಅದೇ ಚೀನೀ ಅಧ್ಯಾಯದ ಬಾವಿಯ ಲೆಕ್ಕವನ್ನು ಒಮ್ಮೆ ಮಕ್ಕಳ ಮುಂದಿಡಿ. ಒಂದು ಬಾವಿ, ಐದು ಮನೆಯವರ ಹಗ್ಗಗಳು. ಮೊದಲ ಮನೆಯ 2 ಹಗ್ಗಕ್ಕೆ ಎರಡನೆಯವರದ್ದೊಂದು ಸೇರಿದರೆ ತಳ ಮುಟ್ಟುತ್ತದೆ. ಎರಡನೆಯವರ 3ಕ್ಕೆ ಮೂರನೆಯವರದ್ದೊಂದು, ಮೂರನೆಯವರ 4ಕ್ಕೆ ನಾಲ್ಕನೆಯವರದ್ದೊಂದು, ನಾಲ್ಕನೆಯವರ 5ಕ್ಕೆ ಐದನೆಯವರದ್ದೊಂದು, ಐದನೆಯವರ 6ಕ್ಕೆ ಮತ್ತೆ ಮೊದಲಿನವರದ್ದೊಂದು. ಅಜ್ಞಾತ ಆರು, ಸಮೀಕರಣ ಐದೇ. ಪುಸ್ತಕದ ಉತ್ತರದಲ್ಲಿ ಬಾವಿಯ ಆಳ 721, ಹಗ್ಗಗಳು 265, 191, 148, 129, 76. ಇವು ಅನುಪಾತಗಳು ಮಾತ್ರ ಎಂದು ಲ್ಯೂ ಹ್ವೇ ಆಗಲೇ ಗುರುತಿಸಿದ್ದ. ಎಲ್ಲವನ್ನೂ ಇಮ್ಮಡಿ ಮಾಡಿದರೂ ಲೆಕ್ಕ ಸರಿಹೋಗುತ್ತದೆ ಎಂಬುದನ್ನು ನಿಮ್ಮ ತರಗತಿಯಲ್ಲಿ ಯಾರು ಮೊದಲು ಕಂಡುಹಿಡಿಯುತ್ತಾರೆ, ನೋಡಿ.