ಹೊಲಕ್ಕೆ ದೊಡ್ಡ ಕಾಯಿಲ್ ಯಾಕೆ ಬೇಡ?

ರೋಟವೇಟರ್ ಬ್ಲೇಡ್ ಮುರಿದು ಮಣ್ಣಲ್ಲೇ ಉಳಿದರೆ ಮುಂದಿನ ಉಳುಮೆಗೆ ಟ್ರ್ಯಾಕ್ಟರ್ ಟೈರ್ ಸೀಳಬಹುದು. ಬೇಲಿ ತಂತಿಯ ಚೂರು ಮೇವಿನ ಜೊತೆ ಹಸುವಿನ ಹೊಟ್ಟೆ ಸೇರಿದರೆ ಹೃದಯಕ್ಕೇ ಚುಚ್ಚಬಹುದು. ರೈತನಿಗೆ ಮೆಟಲ್ ಡಿಟೆಕ್ಟರ್ ಬೇಕಾಗೋದು ಇಂಥದ್ದಕ್ಕೆ. ಆದರೆ ವಿಡಿಯೋ ನೋಡಿದ ಹುಡುಗರು ಕೇಳೋದು ಒಂದೇ: "ಅಣ್ಣಾ, ಎಷ್ಟು ಆಳ ಹೋಗುತ್ತೆ?"

ಆಳದ ಆಸೆಗೆ 15 ಇಂಚಿನ ಕಾಯಿಲ್ ತಗೋಬೇಡಿ. ಅದು ದೊಡ್ಡ ವಸ್ತುವನ್ನು ಆಳದಲ್ಲೂ ಹಿಡಿಯುತ್ತೆ, ನಿಜ. ಆದರೆ ಮೊಳೆ, ತಂತಿ ಚೂರು ತಪ್ಪಿಹೋಗುತ್ತವೆ. ಎರಡು ಕಬ್ಬಿಣದ ತುಂಡು ಅಕ್ಕಪಕ್ಕ ಇದ್ದರೆ ಒಂದೇ ಸದ್ದು. ಭಾರ ಬೇರೆ, ಅರ್ಧ ಗಂಟೆ ಬೀಸಿದರೆ ತೋಳು ಸೋತುಹೋಗುತ್ತೆ. (ನಿಧಿ ಆಸೆ ಇದ್ದವರಿಗೊಂದು ಮಾತು: ಸಿಕ್ಕರೂ ಕಾನೂನು ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು.)

ನನ್ನ ಮತ 8-9 ಇಂಚಿನ ಡಬಲ್-ಡಿ ಕಾಯಿಲ್‌ಗೆ. ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ. ಕಾನ್ಸೆಂಟ್ರಿಕ್ ಕಾಯಿಲ್ ಇಂಥ ಮಣ್ಣಿಗೇ ಸುಮ್ಮಸುಮ್ಮನೆ ಕಿರುಚುತ್ತೆ, ಡಬಲ್-ಡಿಗೆ ಆ ಕಾಟ ಕಡಿಮೆ. ಒಂದು ಸಲ ಬೀಸಿದಾಗ ಹೆಚ್ಚು ಜಾಗವನ್ನೂ ನೋಡುತ್ತೆ.

ಕೊಳ್ಳುವ ಮುಂಚೆ ಕಾಯಿಲ್ ನಿಮ್ಮ ಯಂತ್ರದ ಮಾಡೆಲ್‌ಗೇ ಹೊಂದುತ್ತಾ ಅಂತ ಕೇಳಿ. ಪ್ಲಗ್ ಕೂತ ಮಾತ್ರಕ್ಕೆ ಕೆಲಸ ಮಾಡಲ್ಲ. ಅಗ್ಗ ಅಂತ ನಾನು ತರಿಸಿದ್ದೊಂದು ಇವತ್ತಿಗೂ ಅಟ್ಟದ ಮೇಲಿದೆ.

ಆಳದಲ್ಲಿ ಹೂತ ಕಬ್ಬಿಣದ ಪೈಪ್ ಹುಡುಕಬೇಕಾ? ಆಗ ಮಾತ್ರ ದೊಡ್ಡ ಕಾಯಿಲ್. ಅದನ್ನೂ ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಪಿವಿಸಿ ಪೈಪ್ ಆದರೆ ಯಾವ ಕಾಯಿಲ್ಲೂ ಹಿಡಿಯಲ್ಲ, ದುಡ್ಡು ಉಳಿಸಿಕೊಳ್ಳಿ.