ತಕ್ಕಡಿ ಒಂದೇ, ಆದರೆ ಹತ್ತಿ ನಿಂತವರು ಯಾರು?

ನಾನು ಅಂಬತ್ತೂರಿಗೆ ಬಂದು ಮೂವತ್ತೈದು ವರ್ಷ ದಾಟಿತು. ಇಂಡಸ್ಟ್ರಿಯಲ್ ಎಸ್ಟೇಟಿನ ಲೇತ್ ಶಾಪಿಗೆ ಸೇರಿದ ಹೊಸದರಲ್ಲಿ ಇಲ್ಲಿನ ಒಂದು ವಿಷಯ ನನಗೆ ಅರ್ಥವೇ ಆಗುತ್ತಿರಲಿಲ್ಲ. ಹತ್ತನೇ ಕ್ಲಾಸಿಗೆ ನಾಲ್ಕು ಥರ ಬೋರ್ಡು! ಸ್ಟೇಟ್ ಬೋರ್ಡ್, ಮೆಟ್ರಿಕ್ಯುಲೇಷನ್, ಆಂಗ್ಲೋ ಇಂಡಿಯನ್, ಓರಿಯೆಂಟಲ್. ನಮ್ಮ ಕಡೆ ಮಂಗಳೂರಿನ ಸಂತ ಅಲೋಶಿಯಸ್ ಹೈಸ್ಕೂಲಾಗಲಿ, ನಮ್ಮ ಹಳ್ಳಿಯ ಹೆಂಚು ಹಾರಿಹೋದ ಸರ್ಕಾರಿ ಶಾಲೆಯಾಗಲಿ, ಎಸ್ಸೆಸ್ಸೆಲ್ಸಿ ಅಂದರೆ ಅದೇ ಎಸ್ಸೆಸ್ಸೆಲ್ಸಿ.

ಇಲ್ಲಿ ಆಗ ಹಾಗಿರಲಿಲ್ಲ. ಕ್ಯಾಥೊಲಿಕ್ ಶಾಲೆಗಳನ್ನೇ ನೋಡಿ. ಸಾಂತೋಮಿನ ಸೇಂಟ್ ಬೀಡ್ಸ್‌ನಂಥ ಹಳೆಯ ಶಾಲೆಗಳು ಆಂಗ್ಲೋ ಇಂಡಿಯನ್ ಬೋರ್ಡಿನವಾಗಿದ್ದವು. ಫೀಸು ಕಟ್ಟಲಾಗದ ಮಕ್ಕಳಿಗೆಂದು ಪಾದ್ರಿಗಳು, ಸಿಸ್ಟರುಗಳು ನಡೆಸುವ ತಮಿಳು ಮೀಡಿಯಂ ಶಾಲೆಗಳು ಸ್ಟೇಟ್ ಬೋರ್ಡಿನವಾಗಿದ್ದವು. ಪ್ರಾರ್ಥನೆ ಒಂದೇ, ಪರೀಕ್ಷೆ ಮಾತ್ರ ಬೇರೆ ಇತ್ತು.

ಮುತ್ತುಕುಮಾರನ್ ಸಮಿತಿ ಈ ನಾಲ್ಕನ್ನೂ ಒಂದು ಮಾಡಿ ಅಂತ ಹೇಳಿತ್ತು. 2010ರಲ್ಲಿ ಸಮಚೀರ್ ಕಲ್ವಿ ಕಾನೂನು ಬಂತು. 2011ರಲ್ಲಿ ಸರ್ಕಾರ ಬದಲಾಗಿ, ಯೋಜನೆಗೆ ತಡೆ ಬಿದ್ದು, ಮಕ್ಕಳು ಪುಸ್ತಕವಿಲ್ಲದೆ ಎರಡು ತಿಂಗಳು ಕೂತರು. ಕೊನೆಗೆ ಆಗಸ್ಟ್ 9ರಂದು ಸುಪ್ರೀಂ ಕೋರ್ಟು ಜಾರಿ ಮಾಡಿ ಅಂದಮೇಲೆ ಪುಸ್ತಕ ಕೈಗೆ ಬಂತು, ಕೆಲವು ಪುಟಗಳ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡು!

ಆಗ ನನ್ನ ಮಗ ಎಂಟನೇ ಕ್ಲಾಸು, ಕಾನ್ವೆಂಟಿನಲ್ಲಿ. ನಮಗೆ ಹಾಲು ಹಾಕುವ ಅಕ್ಕನ ಮಗನೂ ಎಂಟನೇ ಕ್ಲಾಸು, ಸರ್ಕಾರಿ ಶಾಲೆಯಲ್ಲಿ. ಒಂದು ಬೆಳಿಗ್ಗೆ ಆಕೆ ಕ್ಯಾನು ಕೆಳಗಿಟ್ಟು, "ಸಾರ್, ನಿಮ್ಮ ತಂಬಿಯೂ ನಮ್ಮವನೂ ಈಗ ಒಂದೇ ಪುಸ್ತಕ ಓದ್ತಾರಂತೆ, ನಿಜವಾ?" ಅಂತ ಕೇಳಿದಳು. ಹೌದಮ್ಮ ಅಂದೆ. ಆ ಮುಖದಲ್ಲಿ ಕಂಡ ಸಂತೋಷ ನಾನು ಮರೆತಿಲ್ಲ.

ಮುಂದಿನ ಜೂನಿನಲ್ಲಿ ನಾನೇನು ಮಾಡಿದೆ ಗೊತ್ತಾ? ಮಗನನ್ನು ಸಿಬಿಎಸ್ಇ ಶಾಲೆಗೆ ಸೇರಿಸಿದೆ. "ಮಟ್ಟ ಇಳಿದುಬಿಡುತ್ತೆ" ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳಿದೆ. ಆ ವರ್ಷಗಳಲ್ಲಿ ಸಿಬಿಎಸ್ಇಯ ಬಹಳ ಶಾಲೆಗಳಲ್ಲಿ ಹತ್ತನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆಯೂ ಕಡ್ಡಾಯ ಇರಲಿಲ್ಲ. ಹಾಲಿನ ಅಕ್ಕನ ಮಗ ಪಬ್ಲಿಕ್ ಪರೀಕ್ಷೆ ಬರೆದ. ನನ್ನ ಮಗ ಶಾಲೆಯೊಳಗಿನ ಪರೀಕ್ಷೆ ಬರೆದು ಮುಂದೆ ಹೋದ. ಎಲ್ಲರಿಗೂ ಒಂದೇ ತಕ್ಕಡಿ ಬಂದಾಗ ಕೆಳಗಿಳಿದು ಓಡಿದವನು ನಾನೇ. ನನ್ನಂಥವರು ಕಮ್ಮಿ ಇರಲಿಲ್ಲ. ಎಷ್ಟೋ ಮೆಟ್ರಿಕ್ ಶಾಲೆಗಳೇ ಸಿಬಿಎಸ್ಇ ಬೋರ್ಡು ತಗುಲಿಸಿಕೊಂಡವು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಸಾಮಾನ್ಯ ಪರೀಕ್ಷೆ ಬೇಕು. ಆದರೆ ಉಳ್ಳವರು ತಪ್ಪಿಸಿಕೊಳ್ಳಲು ಹಿತ್ತಲ ಬಾಗಿಲು ಇದ್ದರೆ, ಅದು ಬಡವರ ಮಕ್ಕಳನ್ನು ಮಾತ್ರ ತೂಗುವ ಪರೀಕ್ಷೆ ಆಗುತ್ತೆ.

ಇದನ್ನು ಸರಿಮಾಡಲು ಸರ್ಕಾರಕ್ಕೇ ಕಾಯಬೇಕಿಲ್ಲ. ಕ್ಯಾಥೊಲಿಕ್ ಸಂಸ್ಥೆಗಳೇ ಶುರು ಮಾಡಬಹುದು. ತಮಿಳು ಮೀಡಿಯಮ್ಮಿನಿಂದ ಹಿಡಿದು ಐಸಿಎಸ್ಇ ತನಕ ಎಲ್ಲ ಥರದ ಶಾಲೆಗಳೂ ಅವರ ಕೈಯಲ್ಲಿವೆ. ಐದು, ಎಂಟನೇ ಕ್ಲಾಸಿಗೆ ಒಂದು ಸಣ್ಣ ಪರೀಕ್ಷೆ ಸಾಕು. ಓದಿ ಅರ್ಥ ಮಾಡಿಕೊಳ್ಳುವುದನ್ನು ಮಗುವಿನ ಮೀಡಿಯಮ್ಮಿನಲ್ಲೇ ನೋಡಲಿ, ಲೆಕ್ಕ ಎಲ್ಲರಿಗೂ ಒಂದೇ ಇರಲಿ. ರ್‍ಯಾಂಕ್ ಬೇಡ, ಫೇಲೂ ಬೇಡ, ಪೇಪರಿನಲ್ಲಿ ಫೋಟೋನೂ ಬೇಡ. ಯಾವ ಶಾಲೆಯ ಮಕ್ಕಳು ಹಿಂದಿದ್ದಾರೋ ಅಲ್ಲಿಗೆ ಸಾಂತೋಮಿನ ಒಳ್ಳೆಯ ಮೇಷ್ಟ್ರೊಬ್ಬರು ಒಂದು ವರ್ಷ ಹೋಗಿ ಪಾಠ ಮಾಡಲಿ. ಅಳತೆ ಮಾಡುವುದು ಅದಕ್ಕೇ ತಾನೆ? ಲೇತಿನಲ್ಲಿ ನಾವು ಅಳೆಯುವುದು ಪೀಸನ್ನು ಬಯ್ಯಲಿಕ್ಕಲ್ಲ, ಎಲ್ಲಿ ಸರಿಮಾಡಬೇಕು ಅಂತ ತಿಳಿಯಲಿಕ್ಕೆ.

ಹಾಲಿನ ಅಕ್ಕ ಈಗಲೂ ಬರುತ್ತಾಳೆ. ಮಗನನ್ನು ಯಾಕೆ ಶಾಲೆ ಬದಲಾಯಿಸಿದಿರಿ ಅಂತ ಆಕೆ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಅಂತ ನನಗೂ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.